ನಾಲ್ಕು ಕೋಟಿ ಅಂಕಿಗಳ ಮಧ್ಯಾಹ್ನದ ನಿದ್ದೆ

ಹೈದರಾಬಾದ್
೮ ಜೂನ್ ೨೦೨೫

ಪ್ರೀತಿಯ ಕಾಕು,

ನಮಸ್ಕಾರ. ಇಲ್ಲಿಗೆ ಬಂದು ವಾರ ಆಯ್ತು. ಬ್ಯಾಂಕಿನ ಪ್ರಾಜೆಕ್ಟ್ ಆದ್ದರಿಂದ ಗೇಟಲ್ಲೇ ಫೋನ್ ಇಸ್ಕೊಂಡು ಲಾಕರಿಗೆ ಹಾಕ್ತಾರೆ. ಅದು ವಾಪಸ್ ಕೈಗೆ ಸಿಗೋ ಹೊತ್ತಿಗೆ ನೀವು ಊಟ ಮುಗಿಸಿ ಮಲಗಿರ್ತೀರ. ಅದಕ್ಕೇ ನೀವು ಹೇಳಿದ ಹಾಗೆ ಕಾಗದ ಬರೀತಿದ್ದೀನಿ. ಸ್ಕೂಲು ಬಿಟ್ಟ ಮೇಲೆ ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು, ಅಕ್ಷರ ನೋಡಿ ನಗಬೇಡಿ.

ಮನೆ ಕೀ ಇಟ್ಕೊಂಡಿದ್ದಕ್ಕೆ ಥ್ಯಾಂಕ್ಸ್. ತುಳಸಿಗೆ ನೀರು ಹಾಕೋದು ಹೇಳಿದ್ದೆ. ಇನ್ನೊಂದು ವಿಷಯ ಹೊರಡೋ ಗಡಿಬಿಡೀಲಿ ಹೇಳೋಕಾಗ್ಲಿಲ್ಲ. ಮೇಜಿನ ಕೆಳಗೆ ಕಪ್ಪು ಕಂಪ್ಯೂಟರ್ ಡಬ್ಬ ಇದೆಯಲ್ಲ, ಅದು ಆನ್ ಇದೆ. ಒಂದು ಲೆಕ್ಕ ಮಾಡ್ತಿದೆ. ಒಂದೇ ಒಂದು ಸಂಖ್ಯೆ, ನಾಲ್ಕು ಕೋಟಿ ಅಂಕಿಗಳದ್ದು, ಅದು ಪ್ರೈಮ್ ಹೌದೋ ಅಲ್ವೋ ಅಂತ ನೋಡೋಕೆ ತಿಂಗಳುಗಟ್ಟಲೆ ಬೇಕು. ಪ್ರಪಂಚದಲ್ಲಿ ನನ್ನಂಥ ಹುಚ್ಚರು ಸಾವಿರಾರು ಜನ ಇದಾರೆ, ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಹಂಚಿರ್ತಾರೆ. ಅವಧಿ ಒಳಗೆ ಮುಗಿಸದಿದ್ದರೆ ಬೇರೆಯವರಿಗೆ ಕೊಟ್ಟುಬಿಡ್ತಾರೆ. ಗುರುವಾರ ರಿಪೇರಿ ಅಂತ ಕರೆಂಟ್ ತೆಗೆದರೆ ಗಾಬರಿ ಆಗಬೇಡಿ, ಬಂದ ಕೂಡಲೇ ಬಿಟ್ಟಲ್ಲಿಂದ ತಾನೇ ಶುರುವಾಗುತ್ತೆ. ಆಗಾಗ ಒಂಚೂರು ನೋಡಿಕೊಳ್ಳಿ, ಅಷ್ಟೇ.

ಇಂತಿ ನಿಮ್ಮ ಎದುರುಮನೆಯ
ಶಮಂತ್


ಕೋಥರೂಡ, ಪುಣೆ
೨೨ ಜೂನ್ ೨೦೨೫

ಚಿರಂಜೀವಿ ಶಮಂತನಿಗೆ ಎದುರುಮನಿ ಕಾಕೂನ ಆಶೀರ್ವಾದ.

ನಿನ್ನ ಅಕ್ಷರ ನೋಡಿ ನಗಲಿಲ್ಲ, ಗಾಬರಿ ಆತು. ನಮ್ಮನಿಯವರು ಎರಡು ಚಷ್ಮಾ ಬದಲಿಸಿ ಓದಿ ಹೇಳಿದ್ರು.

ತುಳಸಿ ಚಲೋ ಅದ. ನಿನ್ನ ಡಬ್ಬೀನೂ ಚಲೋ ಅದ. ದಿನಾ ಮುಂಜಾನೆ ಅದರ ಮ್ಯಾಲೆ ಅಂಗೈ ಇಟ್ಟು ನೋಡತೀನಿ. ಬೆಚ್ಚಗ ಇರತದ, ಸಣ್ಣಗ ನಡಗತಿರತದ. ಜ್ವರ ಬಂದ ಕೂಸಿನ ಹಣಿ ಮುಟ್ಟಿದಂಗ ಆಗತದ. ಆದ್ರ ಅದು ಏನು ಮಾಡಾಕತ್ತದ ಅಂತ ತಿಳೀಲಿಲ್ಲ. ನಾಕು ಕೋಟಿ ಅಂಕಿ ಇರೋ ಸಂಖ್ಯಾ ತಗೊಂಡು ನೀ ಏನು ಮಾಡಾಂವ? ಪ್ರೈಮ್ ಅಂದ್ರೇನು? ನಾ ಏಳನೇತ್ತಾ ತನಕ ಸಾಲಿ ಕಲತಾಕಿ, ಮೂವತ್ತರ ತನಕ ಮಗ್ಗಿ ಬಾಯಿಪಾಠ. ಬಿಡಿಸಿ ಬರಿ, ತಿಳೀತದ. ತಿಳೀಲಿಲ್ಲ ಅಂದ್ರ ಮತ್ತ ಕೇಳತೀನಿ, ನನಗೇನು ನಾಚಿಕಿ.

ಮೊನ್ನೆ ಊರಾಗ ಆಷಾಢ ಯಾತ್ರಿಯ ಪಾಲಖಿ ಬಂತು. ನಾ ಹೋಗಲಿಲ್ಲ. ಪ್ರತಿ ವರ್ಷ ನಾನು ಬಾಳಕ್ಕ ಕೂಡಿ ಹೋಗತಿದ್ವಿ. ಬಾಳಕ್ಕ ಅಂದ್ರ ನನ್ನ ನೆಗೆಣ್ಣಿ, ನಮ್ಮ ಭಾವ ಹೊಳಬಸಪ್ಪನವರ ಹೆಂಡತಿ. ಎರಡು ಜಡಿ ಒಂದ ಕಡೆ ಕೂಡೂದಿಲ್ಲ ಅಂತಾರಲ್ಲ, ನಾವಿಬ್ರು ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿ ಹಿಂದಿನ ಮನ್ಯಾಗ ಒಂದ ಒಲಿ ಮುಂದ ಮೂವತ್ತು ವರ್ಷ ಕೂಡಿದವರು. ಅಂಗಡಿ ಮುಚ್ಚಿದ ಮ್ಯಾಲೆ ನಾವು ಕೋಥರೂಡಕ್ಕ ಬಂದ್ವಿ, ಅವರು ದೇಹೂ ರೋಡಿಗೆ ಮಗನ ಕಡೆ ಹೋದ್ರು. ಆಮ್ಯಾಲೂ ತಿಂಗಳಿಗೊಮ್ಮೆ ಬರತಿದ್ಲು. ಹ್ವಾದ ವರ್ಷ ಸಂಕ್ರಾಂತಿ ದಾಟಿದ್ದ ತಡ, ನಿಂತ ಬಿಟ್ಲು. ಫೋನ್ ಹಚ್ಚಿ, ಏನಾತು ಅಕ್ಕಾ ಅಂತ ಕೇಳಿದೆ. ಏನೂ ಆಗಿಲ್ಲ ಅಂದ್ಲು. ಏನೂ ಆಗಿಲ್ಲ ಅಂದ ಮ್ಯಾಲೆ ಮುಂದ ಏನು ಕೇಳೂದು?

ಅಣ್ಣತಮ್ಮಂದಿರು ಮಾತ್ರ ಪ್ರತಿ ಐತಾರ ಮಾರ್ಕೆಟ್ ಯಾರ್ಡಿಗೆ ಹೋಗಿ ಕೂಡಿ ಚಹಾ ಕುಡೀತಾರ. ಹೆಂಡರು ಯಾಕ ಮಾತು ಬಿಟ್ಟಾರ ಅಂತ ಇಬ್ರಿಗೂ ಗೊತ್ತಿಲ್ಲ, ಕೇಳೂ ಬುದ್ಧೀನೂ ಇಲ್ಲ. ನನಗ ಆಕಿ ಬೇಕು ಶಮಂತಾ. ಆದ್ರ ಎಲ್ಲಿ ತಪ್ಪಿತು ಅಂತ ಗೊತ್ತಾಗದ ಹೆಂಗ ತಿದ್ದೂದು?

ಇರಲಿ. ನೀ ಪ್ರೈಮ್ ಅಂದ್ರೇನು ಹೇಳು.

ನಿನ್ನ ಕಾಕು
ಕಾಶವ್ವ


ಹೈದರಾಬಾದ್
೬ ಜುಲೈ ೨೦೨೫

ಪ್ರೀತಿಯ ಕಾಕು,

ನಿಮ್ಮ ಬೆಲ್ಲದಂಗಡಿ ವಿಷಯ ಬರೆದು ನನ್ನ ಕೆಲಸ ಸುಲಭ ಮಾಡಿದ್ರಿ. ಹನ್ನೆರಡು ಬೆಲ್ಲದ ಪೆಂಟಿ ಇದೆ ಅಂತ ಇಟ್ಕೊಳ್ಳಿ. ಸಾಲಿಗೆ ನಾಲ್ಕರ ಹಾಗೆ ಮೂರು ಸಾಲು ಜೋಡಿಸಬಹುದು. ಹದಿಮೂರು ಇದ್ರೆ? ಎಷ್ಟೆಷ್ಟರ ಸಾಲು ಮಾಡಿದ್ರೂ ಒಂದಷ್ಟು ಮಿಕ್ಕುತ್ತೆ. ಉದ್ದಕ್ಕೆ ಒಂದೇ ಸಾಲು ಹಾಕಬೇಕಷ್ಟೆ. ಅಂಥ ಸಂಖ್ಯೆನೇ ಪ್ರೈಮ್, ಅವಿಭಾಜ್ಯ.

ನಮ್ಮ ಗುಂಪಿನವರು ಹುಡುಕೋದು ಒಂದೇ ಜಾತಿ ಪ್ರೈಮ್. ಎರಡನ್ನ ಎರಡರಿಂದ ಗುಣಿಸ್ತಾ ಹೋಗಿ ಕೊನೆಗೆ ಒಂದು ಕಳೆಯೋದು. ಐದು ಎರಡುಗಳನ್ನ ಒಂದಕ್ಕೊಂದು ಗುಣಿಸಿದ್ರೆ (೨×೨×೨×೨×೨) ಮೂವತ್ತೆರಡು, ಒಂದು ಕಳೆದ್ರೆ ಮೂವತ್ತೊಂದು. ಅದು ಪ್ರೈಮ್. ಹನ್ನೊಂದು ಎರಡುಗಳನ್ನ ಗುಣಿಸಿ ಒಂದು ಕಳೆದ್ರೆ ೨೦೪೭. ಅದು ಪ್ರೈಮ್ ಅಲ್ಲ, ೮೯ರ ಹಾಗೆ ೨೩ ಸಾಲು ಬರುತ್ತೆ. ಇಲ್ಲಿವರೆಗೆ ಸಿಕ್ಕಿರೋ ಅತಿ ದೊಡ್ಡದರಲ್ಲಿ ಹದಿಮೂರು ಕೋಟಿಗೂ ಹೆಚ್ಚು ಎರಡುಗಳಿವೆ. ಪ್ರಿಂಟ್ ಹಾಕಿದ್ರೆ ಸಾವಿರಾರು ಪುಟ ಆಗುತ್ತೆ. ನನ್ನ ಸಂಖ್ಯೆನೂ ಅದರ ವಾರಿಗೆಯದ್ದೇ. ತಮಾಷೆ ಏನು ಗೊತ್ತಾ, ಅದರ ನಾಲ್ಕು ಕೋಟಿ ಅಂಕಿ ನಾನು ನೋಡೇ ಇಲ್ಲ, ಆದ್ರೆ ಕೊನೇ ಅಂಕಿ ಏಳು ಅಂತ ಕೂತಲ್ಲೇ ಹೇಳಬಲ್ಲೆ. ಈ ಜಾತಿಯವು ಮೂರನ್ನ ಬಿಟ್ಟರೆ ಒಂದರಲ್ಲೋ ಏಳರಲ್ಲೋ ಮಾತ್ರ ಮುಗಿಯೋದು.

ಪರೀಕ್ಷೆ ಹೇಗೆ ಅಂದ್ರೆ, ಮೂವತ್ತೊಂದನ್ನೇ ತಗೊಳ್ಳಿ. ನಾಲ್ಕರಿಂದ ಶುರು. ಅದನ್ನ ಅದರಿಂದಲೇ ಗುಣಿಸಿ ಎರಡು ಕಳೀರಿ: ಹದಿನಾಲ್ಕು. ಮತ್ತೆ ಹಾಗೇ ಮಾಡಿ: ೧೯೪. ಮೂವತ್ತೊಂದರ ಸಾಲು ಹಾಕಿ ಮಿಕ್ಕಿದ್ದಷ್ಟೇ ಇಟ್ಕೊಳ್ಳಿ. ಮತ್ತೊಮ್ಮೆ ಗುಣಿಸಿ, ಎರಡು ಕಳೆದು, ಸಾಲು ಹಾಕಿ. ಐದು ಎರಡುಗಳಿಗೆ ಮೂರು ಸುತ್ತು, ಅಂದ್ರೆ ಎರಡು ಕಮ್ಮಿ. ಕೊನೇ ಸುತ್ತಲ್ಲಿ ಏನೂ ಮಿಕ್ಕದಿದ್ರೆ ಪ್ರೈಮ್. ನನ್ನ ಡಬ್ಬ ಇದನ್ನೇ ಹದಿಮೂರು ಕೋಟಿ ಸುತ್ತು ಮಾಡ್ತಿದೆ.

ಬಾಳಕ್ಕನ ವಿಷಯ ಓದಿ ಬೇಜಾರಾಯ್ತು.

ನಿಮ್ಮ
ಶಮಂತ್


ಕೋಥರೂಡ
೧೪ ಜುಲೈ ೨೦೨೫

ಚಿ. ಶಮಂತನಿಗೆ ಆಶೀರ್ವಾದ.

ಮಾಡಿದೆ. ಹುಣಸಿ ಬೀಜ ಸುರವಿಕೊಂಡು ಪಡಸಾಲ್ಯಾಗ ಕೂತೆ. ನೂರಾ ತೊಂಬತ್ನಾಕು ಬೀಜ ಎಣಿಸಿ ಮೂವತ್ತೊಂದರ ಸಾಲು ಹಚ್ಚಿದೆ. ಆರು ಸಾಲು ತುಂಬಿ ಎಂಟು ಉಳದ್ವು. ಎಂಟೆಂಟಲೆ ಅರವತ್ನಾಕು, ಎರಡು ತಗದ್ರ ಅರವತ್ತೆರಡು. ಎರಡ ಸಾಲು, ಒಂದ ಬೀಜಾನೂ ಉಳೀಲಿಲ್ಲ. ಅಗದಿ ಸ್ವಚ್ಛ. ಇವರನ್ನ ಕರದು ತೋರಿಸಿದೆ. ಸಾರಿಗೆ ಹುಣಸಿ ಎಲ್ಲಿ ಅಂತ ಕೇಳಿದ್ರು. ಗಂಡಸರಿಗೆ ತಿಳಿಯೂದು ಇಷ್ಟ.

ಹಂಗಾರ ನಿನ್ನ ಯಂತ್ರ ಒಂದು ಸಂಖ್ಯಾ ಒಡೀತದೋ ಇಲ್ಲೋ ಅಂತ ಹುಡುಕತದ ಅಂತಾತು. ಇದು ನನಗ ಭಾಳ ಸೇರಿತು. ನಾನೂ ಒಂದೂವರಿ ವರ್ಷದಿಂದ ಅದನ್ನ ಮಾಡಾಕತ್ತೀನಿ. ಬಾಳಕ್ಕನ ಮೊಮ್ಮಗನ ಹೆಸರಿಡೂ ದಿವಸ ನಾ ತಡಾ ಮಾಡಿ ಹೋಗಿದ್ದೆ, ಅದಾ? ಹಚ್ಚಿ ನೋಡಿದೆ, ಅಲ್ಲ, ಆಮ್ಯಾಲೂ ನಕ್ಕೋತ ಮಾತಾಡ್ಯಾಳ. ಆಕಿ ಶೇಂಗಾ ಹೋಳಿಗಿ ದಪ್ಪ ಆಗ್ಯಾವ ಅಂದಿದ್ದೆ, ಅದಾ? ಅದು ಹಳೇ ಮಾತು, ಆಕೀನೂ ನನಗ ಹಂಗ ಅಂತಿದ್ಲು. ಯಾವ ಮಾತು ಹಚ್ಚಿದ್ರೂ ಸ್ವಲ್ಪ ಉಳೀತದ, ಸಾಲು ತುಂಬವಲ್ದು. ನಿನ್ನ ಡಬ್ಬಿ ಲೆಕ್ಕ ಮುಗಿಸಿದ ಮ್ಯಾಲೆ ಯಾವುದರಿಂದ ಒಡೀತದ ಅಂತ ಹೆಂಗ ಹಿಡೀತು, ನನಗ ಹೇಳು. ನನಗ ಆ ಉಪಾಯ ಬೇಕಾಗೇದ.

ಡಬ್ಬಿ ಬಗ್ಗೆ ಕಾಳಜಿ ಮಾಡಬ್ಯಾಡ. ಹಗಲೂ ರಾತ್ರಿ ದುಡಿಯೂದು ನೋಡಿ ನನಗ ಕರಳು ಚುರ್ ಅಂತು. ಪುಣೇದಾಗ ಮಧ್ಯಾಹ್ನ ಒಂದರಿಂದ ನಾಕರ ತನಕ ಅಂಗಡಿಯವರೂ ಮಲಗತಾರ. ಅದಕ್ಕ ಜೂನಿನಿಂದ ದಿನಾ ಒಂದಕ್ಕ ಹೋಗಿ ಅದರ ಬಟನ್ ತಗೀತೀನಿ, ನಾಕಕ್ಕ ಚಹಾ ಆದ ಮ್ಯಾಲೆ ಹಾಕತೀನಿ. ಬಿಟ್ಟಲ್ಲ್ಯಾಗಿಂದ ತಾನ ಶುರು ಆಗತದ ಅಂತ ನೀನ ಬರದಿದ್ದೀಯಲ್ಲ. ನಮ್ಮ ಬಾಗಿಲದ ಪಾಟಿ ನೀ ನೋಡೀಯಿಲ್ಲೋ? "ಮಧ್ಯಾಹ್ನ ೧ ರಿಂದ ೪ ಬೆಲ್ ಒತ್ತಬಾರದು. ಒತ್ತಿದರೆ ಬಾಗಿಲು ತೆರೆಯುವುದಿಲ್ಲ. ಕಾರಣ ಕೇಳಬಾರದು." ಈ ಮನಿಗೆ ಬಂದ ಮ್ಯಾಲೆ ಎಲ್ಲಾರ ಬಾಗಿಲಕ್ಕೂ ಒಂದೊಂದು ಪಾಟಿ ನೋಡಿ ಇವರೂ ಹೌಸಿಲೆ ಮರಾಠ್ಯಾಗ ಬರಸಿದ್ರು. ನಮ್ಮ ಮಜಲಿಗೆ ನಮ್ಮ ಪಾಟೀನ ದೊಡ್ಡದು. ನಿನ್ನ ಡಬ್ಬಿಗೂ ಅದ ನೇಮ ಮಾಡೇನಿ. ಎದ್ದ ಮ್ಯಾಲೆ ಹುರುಪಿಲೆ ಗುಯ್ ಅಂತದ.

ನಿನ್ನ ಕಾಕು
ಕಾಶವ್ವ


ಹೈದರಾಬಾದ್
೨೦ ಜುಲೈ ೨೦೨೫

ಕಾಕು,

ದಿನಾ ಮೂರು ಗಂಟೆ ಆಫ್ ಮಾಡ್ತಿದ್ದೀರ ಅಂತ ಈಗ ಗೊತ್ತಾಯ್ತು. ಡಬ್ಬ ನೆಟ್ಟಲ್ಲಿ ದಿನಾ ಕಳಿಸೋ ವರದಿ ನೋಡಿ, ಲೆಕ್ಕ ಯಾಕೆ ಹಿಂದೆ ಬಿದ್ದಿದೆ ಅಂತ ತಲೆ ಕೆಡಿಸ್ಕೊಂಡಿದ್ದೆ. ಅದು ಮೆಷಿನ್. ಅದಕ್ಕೆ ನಿದ್ದೆ ಬೇಡ. ಅವಧಿ ಮುಗಿದ್ರೆ ನನ್ನ ಸಂಖ್ಯೆ ಬೇರೆಯವರ ಪಾಲಾಗುತ್ತೆ. ಇದೆಲ್ಲ ನಿಮಗೆ ಅರ್ಥ ಆಗಲ್ಲ, ಹೇಳಿದ್ದು ನನ್ನದೇ ತಪ್ಪು. ದಯವಿಟ್ಟು ಇನ್ನು ಮುಟ್ಟಬೇಡಿ.

ಶಮಂತ್


ಹೈದರಾಬಾದ್
೧೭ ಆಗಸ್ಟ್ ೨೦೨೫

ಪ್ರೀತಿಯ ಕಾಕು,

ನಿಮ್ಮ ಕಾಗದ ಬರಲಿಲ್ಲ. ಲೆಕ್ಕ ಈಗ ನಿಲ್ಲದೆ ಓಡ್ತಿದೆ, ಹಾಗಾಗಿ ನೀವು ಡಬ್ಬ ಮುಟ್ಟುತ್ತಿಲ್ಲ ಅಂತ ಗೊತ್ತು. ಅದಕ್ಕೇ ಜಾಸ್ತಿ ಬೇಜಾರು. ಬೆಳಗ್ಗೆ ಅಂಗೈ ಇಟ್ಟು ನೋಡೋದನ್ನೂ ಬಿಟ್ಟಿದ್ದೀರಾ? "ನಿಮಗೆ ಅರ್ಥ ಆಗಲ್ಲ" ಅಂದಿದ್ದಕ್ಕೆ ಸಿಟ್ಟು ಬಂತಾ? ನನ್ನ ಆಫೀಸಿನಲ್ಲಿ ಇಂಜಿನಿಯರುಗಳಿಗೆ ಇದೇ ಪರೀಕ್ಷೆ ವಿವರಿಸಿದ್ದೆ, ಯಾರೂ ಮೂವತ್ತೊಂದರ ಸಾಲು ಹಾಕಿ ನೋಡಲಿಲ್ಲ. ತಪ್ಪಾಯ್ತು ಕಾಕು. ಬೈದಾದರೂ ಬರೀರಿ.

ನಿಮ್ಮ
ಶಮಂತ್


ಕೋಥರೂಡ
೨೪ ಆಗಸ್ಟ್ ೨೦೨೫

ಚಿ. ಶಮಂತನಿಗೆ ಆಶೀರ್ವಾದ.

ಹೌದು, ಆ ಮಾತಿಗೇ ಸಿಟ್ಟು ಬಂದಿತ್ತು. ನಿನಗ ಉತ್ತರ ಬರೀಬಾರದು ಅಂತ ಮಾಡಿದ್ದೆ. ತುಳಸಿಗೆ ನೀರು ಮಾತ್ರ ಹಾಕಿದೆ, ಅದು ನಿನ್ನ ಮ್ಯಾಲಿನ ಪ್ರೀತಿಗಲ್ಲ, ತುಳಸಿ ಮ್ಯಾಲಿಂದು.

ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಆದ್ರ ಯಾವ ಮಾತು ಅಂತ ನೀ ಸರಿಯಾಗಿ ಹಿಡದು ಕೇಳಿದಿ, ನಾ ಹೌದು ಅಂದೆ, ಇಲ್ಲಿಗೆ ಮುಗೀತು. ನೋಡು, ಎಷ್ಟ ಲಗೂ ಮುಗೀತು. ಬಾಳಕ್ಕಗ ನಾ ಏನು ಹಿಡದು ಕೇಳಲಿ?

ಬುಧವಾರ ಗಣಪತಿ. ಪಂಚಖಾದ್ಯ ಮಾಡಿ ಕಳಸಾಕ ಪೋಸ್ಟಿನವರು ತಗೋತಾರೋ ಇಲ್ಲೋ ಕೇಳಬೇಕು. ಇವತ್ತು ಮುಂಜಾನೆ ಡಬ್ಬಿ ಮುಟ್ಟಿ ಬಂದೆ. ಬೆಚ್ಚಗ ಅದ.

ನಿನ್ನ ಕಾಕು
ಕಾಶವ್ವ


ಹೈದರಾಬಾದ್
೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಕಾಕು,

ಪಂಚಖಾದ್ಯ ಬಂತು. ರೂಮಿನವರೆಲ್ಲ ಸೇರಿ ಒಂದೇ ಸಂಜೆಗೆ ಮುಗಿಸಿದ್ವಿ.

ಲೆಕ್ಕವೂ ಮುಗೀತು, ಅವಧಿ ಒಳಗೇ. ಪ್ರೈಮ್ ಅಲ್ಲ. ಕೊನೇ ಸುತ್ತಲ್ಲಿ ಶೇಷ ಸೊನ್ನೆ ಬರಲಿಲ್ಲ. ಇದಾಗೋದೇ ಹೆಚ್ಚು ಅಂತ ಮೊದಲೇ ಗೊತ್ತಿತ್ತು, ಆದರೂ ಒಂಥರಾ ಸಂಕಟ ಆಯ್ತು.

ಇನ್ನು ನೀವು ಕೇಳಿದ್ದು. ಯಾವುದರಿಂದ ಒಡೆಯುತ್ತೆ ಅಂತ ನನ್ನ ಡಬ್ಬಕ್ಕೆ ಗೊತ್ತಿಲ್ಲ ಕಾಕು. ಈ ಪರೀಕ್ಷೆಯ ವಿಚಿತ್ರವೇ ಅದು. ಸಂಖ್ಯೆ ಒಡೆಯುತ್ತೆ ಅಂತ ನೂರಕ್ಕೆ ನೂರು ಖಚಿತವಾಗಿ ಹೇಳುತ್ತೆ, ಎಷ್ಟರ ಸಾಲು ಅಂತ ಮಾತ್ರ ಹೇಳಲ್ಲ. ಸಣ್ಣ ಸಣ್ಣ ಸಂಖ್ಯೆಗಳನ್ನೆಲ್ಲ ನನಗಿಂತ ಮೊದಲೇ ಹಚ್ಚಿ ನೋಡಿದಾರೆ, ಯಾವುದೂ ಭಾಗಿಸಲಿಲ್ಲ. ಇದನ್ನ ಒಡೆಯೋದು ಯಾವುದು ಅಂತ ನಮ್ಮ ಕಾಲದಲ್ಲಿ ಗೊತ್ತಾಗದೇ ಹೋಗಬಹುದು.

ಆದ್ರೆ ಒಂದು ಕತೆ ಕೇಳಿ. ಅರವತ್ತೇಳು ಎರಡುಗಳನ್ನ ಗುಣಿಸಿ ಒಂದು ಕಳೆದ್ರೆ ಇಪ್ಪತ್ತೊಂದು ಅಂಕಿಯ ಸಂಖ್ಯೆ ಬರುತ್ತೆ. ಇದು ಪ್ರೈಮ್ ಅಂತ ದೊಡ್ಡ ವಿದ್ವಾಂಸರೊಬ್ಬರು ಬರೆದಿಟ್ಟಿದ್ರು, ಜನ ಇನ್ನೂರು ವರ್ಷ ಅದನ್ನೇ ಉರು ಹೊಡೆದ್ರು. ೧೮೭೬ರಲ್ಲಿ ಪ್ರೈಮ್ ಅಲ್ಲ ಅಂತ ಗೊತ್ತಾಯ್ತು, ಯಾವುದರಿಂದ ಒಡೆಯುತ್ತೆ ಅಂತ ಗೊತ್ತಾಗಲಿಲ್ಲ. ಅದು ಸಿಕ್ಕಿದ್ದು ೧೯೦೩ರಲ್ಲಿ:

೧೯೩೭೦೭೭೨೧ × ೭೬೧೮೩೮೨೫೭೨೮೭ = ೧೪೭೫೭೩೯೫೨೫೮೯೬೭೬೪೧೨೯೨೭

ಹುಡುಕೋಕೆ ಅಷ್ಟು ವರ್ಷ. ಸರಿನಾ ಅಂತ ನೋಡೋಕೆ ಒಂದು ಗುಣಾಕಾರ ಸಾಕು, ಮಗ್ಗಿ ಬಂದ್ರೆ ಆಯ್ತು. ನವೆಂಬರಿನಲ್ಲಿ ಪುಣೆಗೆ ಬರ್ತೀನಿ.

ನಿಮ್ಮ
ಶಮಂತ್


ಕೋಥರೂಡ
೨೬ ಸೆಪ್ಟೆಂಬರ್ ೨೦೨೫

ಚಿ. ಶಮಂತನಿಗೆ ಆಶೀರ್ವಾದ.

ಇದೆಂಥಾ ವೈದ್ಯ ಮಾರಾಯ ನಿನ್ನ ಡಬ್ಬಿ? ಬ್ಯಾನಿ ಅದ ಅಂತಾನ, ಎಲ್ಲಿ ಅಂದ್ರ ಗೊತ್ತಿಲ್ಲ ಅಂತಾನ. ನಾ ಜುಲೈದಿಂದ ಎಷ್ಟು ಆಸೆ ಇಟ್ಟಿದ್ದೆ. ಕಾಗದ ಮಡಚಿಟ್ಟು ಅತ್ತೆ. ನಿನ್ನ ಸಂಖ್ಯಾಕ್ಕಲ್ಲ, ನನ್ನ ಹಣೆಬರಹಕ್ಕ.

ಆಮ್ಯಾಲೆ ಆ ಗುಣಾಕಾರ ಕಣ್ಣಿಗೆ ಬಿತ್ತು. ಮಗ್ಗಿ ಬಂದ್ರ ಆತು ಅಂದೀಯಲ್ಲ, ನೋಡೂಣು ಅಂತ ಹಳೇ ಕ್ಯಾಲೆಂಡರಿನ ಹಾಳಿ ತಿರುವಿ ಹಾಕಿಕೊಂಡು ಕೂತೆ. ಮಧ್ಯಾಹ್ನದ ನಿದ್ದಿ ಬಿಟ್ಟೆ. ಇವರು ಆಕಾಶ ಕಳಚಿ ಬಿತ್ತೇನೋ ಅನ್ನೂ ಹಂಗ ನೋಡಿದ್ರು. ಮೂರು ಸಲ ಮಾಡಿದೆ. ಮೂರೂ ಸಲ ಒಂದ ಉತ್ತರ ಬಂತು, ನೀ ಬರದದ್ದಕ್ಕ ಕೂಡವಲ್ದು. ತಪ್ಪು ನಂದೋ, ನೂರಾ ಇಪ್ಪತ್ತು ವರ್ಷದಿಂದ ಎಲ್ಲಾರೂ ತಪ್ಪಿದ್ದಾರೋ ನೋಡಬೇಕು.

ಹಿಡದು ಹೇಳಾಕಿ ಒಬ್ಬಾಕಿ ಇದ್ದಾಳ. ಮಾರ್ಕೆಟ್ ಯಾರ್ಡಿನ್ಯಾಗ ನಾವಿಬ್ರು ಜ್ವಾಳಾ ಹಸನ ಮಾಡೂವಾಗ ಮಗ್ಗಿ ಅನ್ನತಿದ್ವಿ, ನಾ ಎಲ್ಲಿ ತಪ್ಪಿದ್ರೂ ಮೊರ ಕೆಳಗಿಟ್ಟು ತಿದ್ದತಿದ್ಲು. ಲೆಕ್ಕ ತಪ್ಪಿದ್ರ ಬಾಳಕ್ಕನ ಗಂಟಲದಾಗ ಅನ್ನ ಇಳಿಯೂದಿಲ್ಲ. ಒಂದೂವರಿ ವರ್ಷ ಆಕಿಗೆ ಬರೀ ಯಾಕ ಯಾಕ ಅಂತ ಕೇಳಿದೆ. ಒಡದದ್ದು ಖರೆ ಅಂತ ಗೊತ್ತದ. ಯಾವುದರಿಂದ ಅಂತ ಗೊತ್ತಾಗೂ ತನಕ ಕೂಡಬಾರದು ಅಂತ ಎಲ್ಲಿ ಬರದದ? ಈ ಸಲ ಕೇಳೂದಿಲ್ಲ. ಲೆಕ್ಕಾ ಕಳಸತೀನಿ.

ನಿನ್ನ ಕಾಕು
ಕಾಶವ್ವ


ಕೋಥರೂಡ
೨೮ ಸೆಪ್ಟೆಂಬರ್ ೨೦೨೫, ಐತಾರ

ಅಕ್ಕಾಗ ಕಾಶವ್ವ ಮಾಡುವ ನಮಸ್ಕಾರ.

ಇದನ್ನ ಇವರ ಕಿಸೇದಾಗ ಇಟ್ಟು ಕಳಸೇನಿ, ಭಾವನವರು ತಂದು ಕೊಡತಾರ. ಜೋಡಿ ಇರೋ ಕ್ಯಾಲೆಂಡರ್ ಹಾಳ್ಯಾಗ ಒಂದು ದೊಡ್ಡ ಗುಣಾಕಾರ ಅದ. ಎದುರುಮನಿ ಹುಡುಗ ಶಮಂತ ಕೊಟ್ಟಿದ್ದು. ಬರಬೇಕಾದ ಉತ್ತರ ಕೆಳಗ ಬರದೀನಿ, ನನಗ ಬಂದ ಉತ್ತರಾನೂ ಬರದೀನಿ. ಎರಡೂ ಕೂಡವಲ್ವು. ಎಲ್ಲಿ ತಪ್ಪೇನಿ ನೋಡು.

ಬ್ಯಾರೆ ಏನೂ ಕೇಳೂದಿಲ್ಲ. ನಿನ್ನ ಹೊರತು ನನಗ ತಿದ್ದವರು ಯಾರೂ ಇಲ್ಲ ಅಕ್ಕಾ.

ಕಾಶಿ


ದೇಹೂ ರೋಡ್
೫ ಅಕ್ಟೋಬರ್ ೨೦೨೫, ಐತಾರ

ಕಾಶೀ,

ಏಳೆಂಟಲೆ ಐವತ್ತಾರು. ಐವತ್ನಾಕಲ್ಲ. ನೀ ಮದುವಿಯಾಗಿ ಬಂದ ವರ್ಷದಿಂದ ಐವತ್ನಾಕು ಅಂತೀದಿ, ಹೇಳಿ ಹೇಳಿ ನನ್ನ ನಾಲಿಗಿ ಸವೀತು. ಆ ಮ್ಯಾಲಿನ ಸಂಖ್ಯಾದಾಗ ಏಳು ಮೂರು ಸಲ ಬರತದ ಅಂತ ನೀ ಶಾಣ್ಯಾತನ ಮಾಡಿ ಏಳರ ಸಾಲು ಒಮ್ಮೆ ಬರದು ಮೂರು ಕಡೆ ಇಳಿಸಿದಿ. ಒಂದು ತಪ್ಪು ಮೂರು ಕಡೆ ಹೋತು. ತಿದ್ದಿದೆ. ಈಗ ಕಡೀ ಅಂಕಿ ತನಕ ಕೂಡತದ. ಹುಡುಗನ ಉತ್ತರ ಬರೋಬ್ಬರಿ ಅದ. ದಸರಿ ಹಬ್ಬದ ಅಡಿಗಿ ಬಿಟ್ಟು ಇದನ್ನ ಹಿಡಕೊಂಡು ಕೂತಿದ್ದೆ, ನಿನ್ನ ಭಾವ ಬೈದ್ರು.

ಯಾಕ ಅಂತ ನೀ ಕೇಳಲಿಲ್ಲ. ಅದಕ್ಕ ಹೇಳತೀನಿ.

ಹ್ವಾದ ವರ್ಷ ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಕಟಗೊಂಡು, ಎರಡು ಬಸ್ ಬದಲಿಸಿ ನಿನ್ನ ಬಾಗಿಲಕ್ಕ ಬಂದಿದ್ದೆ. ಮಧ್ಯಾಹ್ನ ಎರಡಾಗಿತ್ತು. ಬಾಗಿಲ ಮ್ಯಾಲೆ ಹೊಸಾ ಪಾಟಿ. ಒಂದರಿಂದ ನಾಕು ಬೆಲ್ ಒತ್ತಬಾರದು, ಒತ್ತಿದ್ರ ತಗಿಯೂದಿಲ್ಲ. ಕೈ ಬೆಲ್ಲಿನ ತನಕ ಹೋಗಿತ್ತು, ತಿರಗಿ ತಗೊಂಡೆ. ಮಾರ್ಕೆಟ್ ಯಾರ್ಡಿನ ಮನ್ಯಾಗ ನಮ್ಮಿಬ್ಬರ ನಡುವ ಕದಾನ ಇರಲಿಲ್ಲ. ನಿನ್ನ ಮನಿಗೆ ಬರಾಕ ನನಗೂ ಟೈಮ್ ಅದ ಅಂತ ಅವತ್ತು ಗೊತ್ತಾತು. ಮೆಟ್ಟಲದ ಮ್ಯಾಲೆ ಸ್ವಲ್ಪ ಹೊತ್ತು ಕೂತೆ. ರೊಟ್ಟಿ ಬಸ್ ಸ್ಟಾಪಿನ್ಯಾಗ ಯಾರಿಗೋ ಕೊಟ್ಟು ಬಂದೆ.

ಸಣ್ಣ ಮಾತು. ಹೇಳಾಕ ನಾಚಿಕಿ ಬರೂವಷ್ಟು ಸಣ್ಣದು. ನೀ ಫೋನ್ ಮಾಡಿ ಕೇಳಿದಾಗ ಅದಕ್ಕ ಏನೂ ಆಗಿಲ್ಲ ಅಂದೆ. ಕಾರಣ ಕೇಳಬಾರದು ಅಂತ ನಿನ್ನ ಪಾಟೀನೂ ಹೇಳತಿತ್ತು.

ಬುಧವಾರ ಬರತೀನಿ. ಬನ್ನಿ ಕೊಡೂದೂ ಉಳದದ. ಎರಡಕ್ಕ ಬರತೀನಿ, ಬೆಲ್ ಒತ್ತತೀನಿ.

ಬಾಳವ್ವ